ತುಂಟ ಓದುಗರು

ಗಣಕಯಂತ್ರದ ಪ್ರೋಗ್ರಾಮು ಎಷ್ಟೇ ಚತುರವಾಗಿದ್ದರೂ, ಹೊರಗಿನ ಮಾಹಿತಿಯನ್ನು ಓದದೆ, ಫಲವನ್ನು ಹೊರಗೆ ಬರೆಯದೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಈ ಓದುಬರೆಹದ ಭಾಗಗಳನ್ನು ಪ್ರತಿಯೊಬ್ಬನೂ ಹೊಸದಾಗಿ ರಚಿಸಬೇಕಾಗಿಲ್ಲ. ಪ್ರೋಗ್ರಾಮಿಂಗ್ ಭಾಷೆಯ ಜೊತೆಯಲ್ಲಿಯೇ ಅವುಗಳ ಸಿದ್ಧ ಭಂಡಾರವೊಂದು ಬರುತ್ತದೆ. ಅದನ್ನು ಲೈಬ್ರರಿ ಎನ್ನುವರು. ಆ ಭಾಷೆಯ ಎಲ್ಲ ಪ್ರೋಗ್ರಾಮುಗಳೂ ಅದನ್ನೇ ನಂಬಿರುವುದರಿಂದ, ಅಲ್ಲಿನ ಸಣ್ಣ ದೋಷವೂ ಊರ ಕೆರೆಯ ನೀರು ಕೆಟ್ಟಂತೆ ಎಲ್ಲ ಮನೆಗಳನ್ನೂ ತಟ್ಟುತ್ತದೆ.

ಎಂಟು ಸೊನ್ನೆ-ಒಂದುಗಳ ಗುಂಪಿಗೆ ಬೈಟು ಎಂದು ಹೆಸರು. ನೂರು ಬೈಟು ಕೇಳಿದರೆ ಡಿಸ್ಕಿನ ಕಡತವು ಸಾಮಾನ್ಯವಾಗಿ ನೂರನ್ನೂ ಒಮ್ಮೆಗೇ ಕೊಡುತ್ತದೆ. ದೂರದ ಗಣಕದಿಂದ ಬರುವ ಮಾಹಿತಿ ಹಾಗಲ್ಲ. ಈಗ ನಲವತ್ತು, ಆಮೇಲೆ ಮೂರು, ಹೀಗೆ ತುಂಡುತುಂಡಾಗಿ ಬರಬಹುದು.

ಕನ್ನಡಕ್ಕಂತೂ ಇದು ಬಹು ಮುಖ್ಯವಾದ ಸಂಗತಿ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಸಂಕೇತಕ್ರಮದಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಬೈಟು ಸಾಕು. ನಮ್ಮ 'ಕ'ಕಾರಕ್ಕೆ ಮೂರು ಬೇಕು. 'ಕನ್ನಡ' ಎಂಬ ಪದಕ್ಕೆ 15 ಬೇಕು. ಮೂರರಲ್ಲಿ ಎರಡು ಬಂದಾಗಲೇ ಅವಸರಪಟ್ಟರೆ ಅಕ್ಷರ ಕೆಡುತ್ತದೆ. ಪಹಣಿಯಲ್ಲಿ ರೈತನ ಹೆಸರೇ ಕೆಡಬಹುದು. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದವನಿಗೆ ಈ ದೋಷ ಕಾಣುವುದೇ ಇಲ್ಲ!

ಹಾಗಾದರೆ ಪರೀಕ್ಷಿಸುವುದು ಹೇಗೆ? ಜಾಲಸಂಪರ್ಕವು ನಾವು ಬೇಕೆಂದಾಗ ಕೆಡುವುದಿಲ್ಲ. ಕೆಟ್ಟರೂ ಪ್ರತಿಸಲ ಒಂದೇ ರೀತಿಯಲ್ಲಿ ಕೆಡುವುದಿಲ್ಲ. ಆದುದರಿಂದ ಕೇಡನ್ನೇ ಕೃತಕವಾಗಿ ಸೃಷ್ಟಿಸಬೇಕು. ಮೇಲಿನ ಇಬ್ಬರೂ ರಾಬರ್ಟ್ ಗ್ರೀಸೆಮರ್ ಎಂಬವರೊಡಗೂಡಿ ಗೂಗಲ್ ಸಂಸ್ಥೆಯಲ್ಲಿ ರೂಪಿಸಿದ 'ಗೋ' ಭಾಷೆ 2009ರಲ್ಲಿ ಪ್ರಕಟವಾಯಿತು. ಅದರ ಲೈಬ್ರರಿಯಲ್ಲಿ ಇಂತಹ ತುಂಟ ಓದುಗರ ಒಂದು ತಂಡವೇ ಉಂಟು. ಒಂದು, ಎಷ್ಟು ಕೇಳಿದರೂ ಒಂದೇ ಬೈಟನ್ನು ಕೊಡುತ್ತದೆ. ಇನ್ನೊಂದು, ಕೇಳಿದುದರಲ್ಲಿ ಅರ್ಧವನ್ನು ಮಾತ್ರ ಓದುತ್ತದೆ. ಮತ್ತೊಂದು, ಎರಡನೆಯ ಸಲ ಕೇಳಿದೊಡನೆ ಏನನ್ನೂ ಕೊಡದೆ 'ಕಾಲ ಮೀರಿತು' ಎಂದುಬಿಡುತ್ತದೆ. ಗೊತ್ತಿರುವ ಪಠ್ಯವೊಂದನ್ನು ಇವುಗಳ ಮೂಲಕ ಹಾಯಿಸಿ, ಲೈಬ್ರರಿಯ ಒಂದೊಂದು ಭಾಗವೂ ಅದನ್ನು ಚಾಚೂ ತಪ್ಪದೆ ಒಪ್ಪಿಸುವುದೇ, ಅಡ್ಡಿ ಬಂದಾಗ ಅದನ್ನು ಮರೆಮಾಚದೆ ತಿಳಿಸುವುದೇ ಎಂದು ನೋಡುತ್ತಾರೆ. ಹೀಗೆ ಬಿಡಿಬಿಡಿಯಾಗಿ ಪರೀಕ್ಷಿಸುವುದೇ ಘಟಕ ಪರೀಕ್ಷೆ.

ಇವುಗಳಲ್ಲಿ ಅತಿ ಸೂಕ್ಷ್ಮವಾದುದು ಕೊನೆಯ ಬೈಟುಗಳನ್ನೂ 'ಮುಗಿಯಿತು' ಎಂಬ ಸೂಚನೆಯನ್ನೂ ಒಟ್ಟಿಗೇ ಕೊಡುವ ಓದುಗ. ಅಜಾಗರೂಕ ಪ್ರೋಗ್ರಾಮು ಸೂಚನೆಯನ್ನು ಕಂಡೊಡನೆ ಕೈಗೆ ಬಂದ ಬೈಟುಗಳನ್ನೂ ಬಿಟ್ಟುಬಿಡುತ್ತದೆ. ಕಳೆದುಹೋಗುವುದು ಕಡತದ ಕೊನೆಯ ಸಾಲು ಮಾತ್ರ. ಆ ಸಾಲಿನಲ್ಲಿ ಹೆಸರಿದ್ದವನು ಬಂದು ಕೇಳುವವರೆಗೆ ಅದು ಯಾರ ಗಮನಕ್ಕೂ ಬರುವುದಿಲ್ಲ.