ರೋಗಲಕ್ಷಣಗಳ ಹುಡುಕಾಟ ಮತ್ತು ಪರೀಕ್ಷೆಯ ಬೇಡಿಕೆ: ಒಂದು ಜಾನಪದೀಯ ನೋಟ

ರೋಗವು ವೈದ್ಯನನ್ನು ತಲುಪುವ ಮೊದಲೇ ಮಾತಿಗೆ ಬರುತ್ತದೆ. ಮೈ ಬೆಚ್ಚಗಾದವನು ಮೊದಲು ಮನೆಯವರಿಗೆ, ಅನಂತರ ನೆರೆಯವರಿಗೆ ಹೇಳಿಕೊಳ್ಳುತ್ತಾನೆ. ಈ ಶತಮಾನದಲ್ಲಿ ಅಂತರಜಾಲದ ಶೋಧಯಂತ್ರಕ್ಕೂ ಹೇಳಿಕೊಳ್ಳುತ್ತಾನೆ. ಈ ಮಾತುಗಳನ್ನು ಒಟ್ಟುಗೂಡಿಸಿ, ಮುಂದಿನ ವಾರ ಎಲ್ಲಿ ಎಷ್ಟು ಜನ ಪರೀಕ್ಷೆಗೆ ಬಂದಾರು ಎಂಬುದನ್ನು ಅಂದಾಜಿಸಬಹುದೇ? ಪ್ರಯೋಗಾಲಯಗಳಿಗೆ ಕಿಟ್‌ಗಳನ್ನೂ ಸಿಬ್ಬಂದಿಯನ್ನೂ ಹಂಚಬೇಕಾದವರಿಗೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ.

ಈ ದಿಸೆಯಲ್ಲಿ ಹೆಸರಾದ ಪ್ರಯತ್ನ ಗೂಗಲ್ ಸಂಸ್ಥೆಯ 'ಫ್ಲೂ ಟ್ರೆಂಡ್ಸ್'. 2008ರಲ್ಲಿ ಅಮೆರಿಕದಲ್ಲಿ ಆರಂಭವಾದ ಇದರ ವಿಧಾನವು 2009ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಸುಮಾರು 5 ಕೋಟಿ ಶೋಧಪದಗಳನ್ನು ಜರಡಿ ಹಿಡಿದು, ಫ್ಲೂ ಲಕ್ಷಣಗಳೊಂದಿಗೆ ವೈದ್ಯರಲ್ಲಿಗೆ ಬಂದವರ ಪ್ರಮಾಣದೊಡನೆ ಏರಿಳಿಯುವ 45ನ್ನು ಆರಿಸಲಾಗಿತ್ತು. ಸರ್ಕಾರಿ ವರದಿ ಬರಲು ಒಂದೆರಡು ವಾರ ಹಿಡಿಯುತ್ತಿದ್ದರೆ, ಈ ಅಂದಾಜು ಸುಮಾರು ಒಂದು ದಿನದಲ್ಲಿ ದೊರೆಯುತ್ತಿತ್ತು. ಆದರೆ 2009ರ ಎಚ್1ಎನ್1 ಸೋಂಕಿನ ಮೊದಲ ಅಲೆಯನ್ನು ಅದು ಸರಿಯಾಗಿ ಗ್ರಹಿಸಲಿಲ್ಲ. 2012-13ರ ಚಳಿಗಾಲದಲ್ಲಿ ನಿಜಪ್ರಮಾಣದ ಸುಮಾರು ಎರಡರಷ್ಟನ್ನು ತೋರಿಸಿತು. 2015ರಲ್ಲಿ ಅಂದಾಜುಗಳ ಪ್ರಕಟಣೆ ನಿಂತಿತು.

ಪತ್ರಿಕೆ, ದೂರದರ್ಶನಗಳ ಸುದ್ದಿಯಿಂದ ಆರೋಗ್ಯವಂತರೂ ಹುಡುಕತೊಡಗಿದ್ದು, ಶೋಧಯಂತ್ರವೇ ಪದಗಳನ್ನು ಸೂಚಿಸತೊಡಗಿದ್ದು ಈ ವೈಫಲ್ಯಕ್ಕೆ ಕೊಡಲಾಗುವ ಕಾರಣಗಳು. ಇಲ್ಲೊಂದು ಸೂಕ್ಷ್ಮವಿದೆ. ರೋಗದ ಪ್ರಮಾಣ ಬೇರೆ, ಪರೀಕ್ಷೆಯ ಬೇಡಿಕೆ ಬೇರೆ. ಹೆದರಿದ ಆರೋಗ್ಯವಂತನೂ ಪರೀಕ್ಷೆಯ ಸರದಿಯಲ್ಲಿ ನಿಲ್ಲುತ್ತಾನೆ. 2020ರ ಮಾರ್ಚಿನಲ್ಲಿ ವಾಸನೆ ತಿಳಿಯದಿರುವುದು ಕೋವಿಡ್‌ನ ಲಕ್ಷಣವೆಂಬ ಸುದ್ದಿ ಹಬ್ಬಿದಾಗ ಆ ಕುರಿತ ಹುಡುಕಾಟ ಹಲವು ದೇಶಗಳಲ್ಲಿ ಏರಿತು. ಅದರಲ್ಲಿ ಸೋಂಕಿತರೆಷ್ಟು, ಭೀತರೆಷ್ಟು ಎಂದು ಬಿಡಿಸುವುದು ಕಷ್ಟ. ರೋಗವನ್ನು ಅಳೆಯಹೊರಟವನಿಗೆ ಭೀತಿ ಕಸವಾದರೆ, ಬೇಡಿಕೆಯನ್ನು ಅಳೆಯುವವನಿಗೆ ಅದೂ ಕಾಳೇ.

ನನ್ನ ದೃಷ್ಟಿಯಲ್ಲಿ ಹೆಚ್ಚು ತೊಡಕಿನದು ಪದಗಳ ಪ್ರಶ್ನೆ. ನಮ್ಮ ಹಳ್ಳಿಗಳಲ್ಲಿ ಮೈಮೇಲೆ ಗುಳ್ಳೆಯೆದ್ದರೆ 'ಅಮ್ಮ ಬಂದಿದೆ' ಎನ್ನುತ್ತಾರೆ. ಯಂತ್ರಕ್ಕೆ ಅದು ತಾಯಿಯ ಆಗಮನ! ಕೆಪ್ಪಟೆ ಊದಿದರೆ 'ಮಂಗನಬಾವು'. ಶಿವಮೊಗ್ಗದ ಕಾಡಂಚಿನಲ್ಲಿ 1957ರಲ್ಲಿ ಗುರುತಿಸಲಾದ ಜ್ವರವೋ 'ಮಂಗನ ಕಾಯಿಲೆ'. ಎರಡರಲ್ಲೂ ಮಂಗವಿದೆ, ರೋಗಗಳಿಗೆ ಸಂಬಂಧವಿಲ್ಲ. ಎರಡನೆಯ ಹೆಸರಿನಲ್ಲಂತೂ ಮುನ್ಸೂಚನೆಯೇ ಅಡಗಿದೆ: ಕಾಡಿನಲ್ಲಿ ಮಂಗಗಳು ಸಾಯತೊಡಗಿದರೆ ಊರಿಗೆ ಜ್ವರ ಬರಬಹುದೆಂದು ಜನ ಬಲ್ಲರು. ಇಂಗ್ಲಿಷ್ ಪದಗಳನ್ನಷ್ಟೇ ಎಣಿಸುವ ಲೆಕ್ಕದಲ್ಲಿ ಇವಾವುವೂ ಸೇರುವುದಿಲ್ಲ. ಜಿಲ್ಲಾವಾರು ರೋಗಪದಕೋಶವೊಂದನ್ನು ಜಾನಪದ ವಿದ್ವಾಂಸರು ಸಿದ್ಧಪಡಿಸಿದರೆ ಈ ಕೊರತೆ ಸ್ವಲ್ಪಮಟ್ಟಿಗೆ ತುಂಬೀತು.

ಸ್ಥಳದ ತೊಡಕು ಅದರಿಂದಲೂ ತೀರದು. ಸೊರಬದ ಹಳ್ಳಿಯಲ್ಲಿ ತಾಯಿ ಜ್ವರದಿಂದ ಮಲಗಿದ್ದರೆ, ದೂರವಾಣಿಯಲ್ಲಿ ಲಕ್ಷಣಗಳನ್ನು ಕೇಳಿಕೊಂಡು ಹುಡುಕುವವನು ಬೆಂಗಳೂರಿನ ಮಗ. ಹುಡುಕಾಟ ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತದೆ. ರಕ್ತದ ಮಾದರಿಯನ್ನು ತೆಗೆಯಬೇಕಾದುದು ಸೊರಬದಲ್ಲಿ.