ಒಂದು ಹೆಸರು, ಹಲವು ಬಾಳು
(‘ನಾಯಕ’ ಎಂಬ ಉಪನಾಮದ ವಿಚಾರ)

ನಮ್ಮ ಮನೆಗಳಲ್ಲಿ ಮಗುವಿಗೆ ಹೆಸರಿಡುವಾಗ ಹಿರಿಯರು ನಕ್ಷತ್ರವನ್ನು ನೋಡುವರು, ಕುಲದೇವತೆಯನ್ನು ನೆನೆಯುವರು, ಅಜ್ಜ ಅಜ್ಜಿಯರ ಹೆಸರು ನಿಲ್ಲಬೇಕೆಂದು ಆಶಿಸುವರು. ಆದರೆ ಆ ಹೆಸರಿನ ಕೊನೆಗೆ ತಾನಾಗಿಯೇ ಬಂದು ಸೇರುವ ಉಪನಾಮವನ್ನು ಕುರಿತು ಯಾರೂ ಯೋಚಿಸುವುದಿಲ್ಲ. ಅದು ತಂದೆಯಿಂದ ಮಗನಿಗೆ ಹಳೆಯ ಮನೆಯ ಬೀಗದ ಕೈಯಂತೆ ದಾಟಿಬರುತ್ತದೆ. ಆ ಕೈ ಯಾವ ಬಾಗಿಲಿನದೆಂಬುದನ್ನು ವಿಚಾರಿಸುವವರು ವಿರಳ. ವಿಚಾರಿಸುವವರಲ್ಲಿಯೂ ಹಲವರು, ಇಬ್ಬರ ಉಪನಾಮವು ಒಂದೇ ಆಗಿದ್ದರೆ ಅವರ ವಂಶವೂ ಒಂದೇ ಆಗಿರಬೇಕೆಂದು ಥಟ್ಟನೆ ತೀರ್ಮಾನಿಸಿಬಿಡುವರು. ಈ ತೀರ್ಮಾನವು ಎಷ್ಟರ ಮಟ್ಟಿಗೆ ನಿಲ್ಲುವುದೆಂಬುದನ್ನು ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಮನೆಮಾತಾಗಿರುವ ‘ನಾಯಕ’ ಎಂಬ ಹೆಸರಿನ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದದ ವಿಚಾರ. ಕರೆದೊಯ್ಯುವುದು, ನಡೆಸುವುದು ಎಂಬ ಅರ್ಥವುಳ್ಳ ‘ನೀ’ ಎಂಬ ಸಂಸ್ಕೃತ ಧಾತುವಿಗೆ ಕರ್ತೃವಾಚಕವಾದ ಪ್ರತ್ಯಯವು ಸೇರಿ ‘ನಾಯಕ’ ಶಬ್ದವು ಸಿದ್ಧಿಸುತ್ತದೆ. ಯಾವನು ನಡೆಸುವನೋ ಅವನೇ ನಾಯಕನು. ನೀತಿ, ನಯ, ನೇತೃ, ವಿನಯ ಎಂಬ ಶಬ್ದಗಳೆಲ್ಲ ಇದೇ ಧಾತುವಿನ ಸಂತಾನ. ಆಲಂಕಾರಿಕರು ಕಾವ್ಯದ ನಾಯಕನನ್ನು ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವರು. ಕೋಶಕಾರರು ಇನ್ನೊಂದು ಚೆಲುವಾದ ಅರ್ಥವನ್ನೂ ಹೇಳುತ್ತಾರೆ. ಹಾರದ ನಡುವೆ ತೂಗುವ ದೊಡ್ಡ ಮಣಿಗೂ ನಾಯಕವೆಂದೇ ಹೆಸರು. ಆ ಮಣಿಯು ಉಳಿದ ಮಣಿಗಳಿಗೆ ತಂದೆಯೂ ಅಲ್ಲ, ಅಣ್ಣನೂ ಅಲ್ಲ. ಎಲ್ಲವೂ ಅದರ ಎರಡು ಪಕ್ಕಗಳಲ್ಲಿ ಸಮವಾಗಿ ನಿಲ್ಲುವಂತೆ ತೂಕವನ್ನು ಹಿಡಿದಿರುವುದೇ ಅದರ ಕೆಲಸ. ಹೀಗೆ ಶಬ್ದವು ಹುಟ್ಟುವಾಗಲೇ ಕೆಲಸವನ್ನು ಹೇಳಿತೇ ಹೊರತು ಕುಲವನ್ನು ಹೇಳಲಿಲ್ಲ.

ಇನ್ನು ಇತಿಹಾಸದ ವಿಚಾರ. ವಿಜಯನಗರದ ಅರಸರ ಕಾಲದಲ್ಲಿ ನಾಯಕತನವು ಒಂದು ಅಧಿಕಾರವಾಗಿತ್ತು. ಅರಸನು ಒಬ್ಬನಿಗೆ ಸೀಮೆಯೊಂದನ್ನು ಒಪ್ಪಿಸುವನು. ಅವನು ಅದರ ಕಂದಾಯವನ್ನು ಎತ್ತಿ ಗೊತ್ತಾದ ಭಾಗವನ್ನು ಅರಮನೆಗೆ ಸಲ್ಲಿಸಿ, ಉಳಿದುದರಲ್ಲಿ ಕಾಲಾಳು ಕುದುರೆಗಳನ್ನು ಸಾಕಿ, ಕರೆ ಬಂದಾಗ ಯುದ್ಧಕ್ಕೆ ಬರುವನು. ಇಂಥವರಿಗೆ ಅಮರನಾಯಕರೆಂದು ಹೆಸರು. ಹದಿನಾರನೆಯ ಶತಮಾನದಲ್ಲಿ ವಿಜಯನಗರದ ವೃತ್ತಾಂತವನ್ನು ಬರೆದ ಪೋರ್ಚುಗೀಸ್ ವರ್ತಕ ನೂನಿಜ್ ಎಂಬವನು ಈ ಏರ್ಪಾಡನ್ನು ವಿವರಿಸಿದ್ದಾನೆ. ಈ ಅಧಿಕಾರವು ಬೇಡರಿಗೂ ಬಂದಿತು, ಲಿಂಗವಂತರಿಗೂ ಬಂದಿತು, ತೆಲುಗು ನುಡಿಯುವ ದಳಪತಿಗಳಿಗೂ ಬಂದಿತು. ಚಿತ್ರದುರ್ಗ, ಹರಪನಹಳ್ಳಿ, ಕೆಳದಿ, ಮಧುರೆ, ತಂಜಾವೂರು, ಇಷ್ಟು ಕಡೆಗಳಲ್ಲಿಯೂ ನಾಯಕರು ಆಳಿದರು. ಆದರೆ ಇವರು ಒಂದು ಮನೆಯವರಲ್ಲ.

ನಮ್ಮ ದುರ್ಗದ ಮನೆತನವು ಕಾಮಗೇತಿ ವಂಶದ ಬೇಡರದು. ಈ ಮನೆತನದ ಮೊದಲಿಗನಾದ ಮತ್ತಿ ತಿಮ್ಮಣ್ಣನಾಯಕನು ಒಮ್ಮೆಗೇ ದುರ್ಗದ ಒಡೆಯನಾದವನಲ್ಲ. ಅವನು ಮೊದಲು ಹೊಳಲ್ಕೆರೆಗೂ, ಬಳಿಕ ಹಿರಿಯೂರಿಗೂ, ಕಡೆಗೆ ಚಿತ್ರದುರ್ಗಕ್ಕೂ ನಾಯಕನಾಗಿ ನಿಯಮಿತನಾದನೆಂದು ತಿಳಿಯಬರುತ್ತದೆ. ಇವನ ವಿಷಯದಲ್ಲಿ ಒಂದು ಐತಿಹ್ಯವುಂಟು. ವಿಜಯನಗರದ ದಂಡಿನ ಪಾಳೆಯಕ್ಕೆ ರಾತ್ರಿ ನುಗ್ಗಿ, ಸೇನಾಪತಿಯ ಕುದುರೆಯನ್ನು ಅಪಹರಿಸಲು ಇವನು ಹುಲ್ಲಿನಲ್ಲಿ ಅಡಗಿದ್ದನಂತೆ. ಎಚ್ಚತ್ತ ಕಾಸ್ತಾರನು ಕುದುರೆಯನ್ನು ಕಟ್ಟಲು ಗೂಟವನ್ನು ಹೊಡೆದಾಗ ಅದು ಅಡಗಿದ್ದವನ ಅಂಗೈಯನ್ನೇ ತೂರಿಕೊಂಡು ನೆಲಕ್ಕೆ ಇಳಿಯಿತಂತೆ. ತಿಮ್ಮಣ್ಣನು ಹೂಂ ಎನ್ನದೆ ಸಹಿಸಿದ್ದು, ಕಾಸ್ತಾರನು ನಿದ್ದೆ ಹೋದ ಮೇಲೆ ಕೈಯನ್ನೇ ಕಡಿದುಕೊಂಡು ಕುದುರೆಯೊಡನೆ ಪಾರಾದನೆಂದು ಜನರು ಹೇಳುತ್ತಾರೆ. ಕಥೆಯ ಸತ್ಯಾಸತ್ಯಗಳು ಹೇಗೇ ಇರಲಿ, ನಾಯಕತನವೆಂದರೆ ನೋವನ್ನು ನುಂಗುವ ಕೆಲಸವೆಂದು ನಮ್ಮ ಜನರು ಅರಿತಿದ್ದುದಕ್ಕೆ ಇದು ಸಾಕ್ಷಿ.

ಹೊಸದುರ್ಗವೂ ಈ ಮನೆತನದ ನಿರ್ಮಾಣವೇ. ೧೬೭೫ರಲ್ಲಿ ಚಿಕ್ಕಣ್ಣನಾಯಕನು ಬೆಟ್ಟದ ಮೇಲೆ ಕಟ್ಟಿಸಿದ ಹೊಸ ಕೋಟೆಯಿಂದಲೇ ಆ ಊರಿಗೆ ಆ ಹೆಸರು ಬಂದಿತು. ಹೀಗೆ ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗ, ಹೊಸದುರ್ಗ, ಈ ನಾಲ್ಕು ಊರುಗಳ ಕಥೆಯನ್ನು ನಾಯಕರ ಹೆಸರನ್ನು ಬಿಟ್ಟು ಹೇಳಲಾಗದು. ಅರಮನೆಯ ಸ್ತ್ರೀಯರಿಗೆ ನಾಗತಿಯೆಂಬ ಗೌರವನಾಮವಿತ್ತು. ನಾಯಕಿತಿಯೆಂಬುದೇ ಬಾಯಿಂದ ಬಾಯಿಗೆ ಸವೆದು ನಾಗತಿಯಾಯಿತೆಂದು ತೋರುತ್ತದೆ.

ಹೆಸರು ಒಂದಾದ ಮಾತ್ರಕ್ಕೆ ಮನಸ್ಸು ಒಂದಾಗುವುದೆಂಬ ಭ್ರಮೆಯನ್ನು ನೀಗಲು ಮಾಯಕೊಂಡದ ಯುದ್ಧವೊಂದೇ ಸಾಕು. ೧೭೪೮ರಲ್ಲಿ ನಡೆದ ಆ ಕಾಳಗದಲ್ಲಿ ದುರ್ಗದ ಹಿರಿಯ ಮದಕರಿನಾಯಕನ ಎದುರಿಗೆ ನಿಂತವರು ಯಾರು? ಹರಪನಹಳ್ಳಿಯ ಸೋಮಶೇಖರನಾಯಕ ಮತ್ತು ಬಿದನೂರಿನ ನಾಯಕರ ದಂಡು, ಇವರೊಡನೆ ರಾಯದುರ್ಗ ಸವಣೂರುಗಳವರು. ನಾಯಕನು ನಾಯಕನ ಮೇಲೆಯೇ ಏರಿಬಂದನು. ಮದಕರಿಯು ರಣರಂಗದಲ್ಲಿ ಮಡಿದನು. ಅದಾದ ಮೂವತ್ತೊಂದು ವರ್ಷಗಳಿಗೆ, ಎಂದರೆ ೧೭೭೯ರಲ್ಲಿ, ಹೈದರಾಲಿಯು ದುರ್ಗವನ್ನು ಹಿಡಿದನು. ಕೊನೆಯ ಮದಕರಿನಾಯಕನು ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಹೋದನು. ಅವನೊಡನೆ ಸಾವಿರಾರು ಬೇಡರ ಸಂಸಾರಗಳನ್ನೂ ಅಲ್ಲಿಗೆ ಸಾಗಿಸಿದರು. ಅವರ ಹುಡುಗರನ್ನು ‘ಚೇಲಾ’ ಎಂಬ ಪಟಾಲಮುಗಳಿಗೆ ಸೇರಿಸಿದರು. ಆ ತಾಯಂದಿರ ಸಂಕಟವನ್ನು ಯಾವ ಶಾಸನವೂ ಬರೆದಿಟ್ಟಿಲ್ಲ. ಅಧಿಕಾರವು ಹೋಯಿತು, ಕೋಟೆಯು ಹೋಯಿತು, ಉಳಿದುದು ಹೆಸರೊಂದೇ. ಎಲ್ಲವೂ ಕಳೆದವರಿಗೆ ಉಳಿದ ಹೆಸರು ಎಷ್ಟು ಪ್ರಿಯವಾಗಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಇದೇ ಹೆಸರು ಇತರ ದಾರಿಗಳಿಂದಲೂ ನಮ್ಮ ನಾಡಿಗೆ ಬಂದಿದೆ. ನಮ್ಮ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ ಯಜಮಾನನಿಗೆ ನಾಯಕನೆಂದೇ ಹೆಸರು. ಕಾರಭಾರಿಯ ಸಹಾಯದಿಂದ ಅವನು ನ್ಯಾಯವನ್ನು ತೀರ್ಮಾನಿಸುವನು, ಮದುವೆಗಳಲ್ಲಿ ಮುಂದೆ ನಿಲ್ಲುವನು. ಇವರ ಹಿರಿಯರು ಎತ್ತುಗಳ ಮೇಲೆ ಧಾನ್ಯ, ಉಪ್ಪುಗಳನ್ನು ಹೇರಿಕೊಂಡು ದೇಶದಿಂದ ದೇಶಕ್ಕೆ ನಡೆದವರು. ೧೭೯೯ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇಂಗ್ಲಿಷರ ದಂಡಿಗೆ ಧಾನ್ಯವನ್ನು ಒದಗಿಸಿದವರು. ದುರ್ಗದ ನಾಯಕನು ಕೋಟೆಯಲ್ಲಿ ಕುಳಿತು ಕಾಯ್ದನು; ತಾಂಡಾದ ನಾಯಕನು ದಾರಿಯಲ್ಲಿ ನಡೆದು ಕಾಯ್ದನು.

ಘಟ್ಟದ ಕೆಳಗೆ ಹೋದರೆ ಅಂಕೋಲೆಯ ನಾಡವರಲ್ಲಿಯೂ, ಕೊಂಕಣಿಗರಲ್ಲಿಯೂ ಈ ಉಪನಾಮವು ಹೇರಳವಾಗಿದೆ. ಇನ್ನೂ ತೆಂಕಣಕ್ಕೆ ಕಾಸರಗೋಡಿನ ಸೀಮೆಯಲ್ಲಿ, ಕಡಲಂಚಿನ ಬೇಕಲದ ಕೋಟೆಯನ್ನು ಕಟ್ಟಿಸಿದವನು ಕೆಳದಿಯ ಶಿವಪ್ಪನಾಯಕನು. ಕೋಟೆಯ ಕಾವಲಿಗೆಂದು ಹೋಗಿ ಅಲ್ಲಿಯೇ ನೆಲೆನಿಂತ ಕನ್ನಡದ ಮನೆತನಗಳಲ್ಲಿ ನಾಯಕ ಎಂಬ ಹೆಸರು ಇಂದಿಗೂ ನಿಂತಿದೆ.

ಈ ಹೆಸರನ್ನು ಹೊತ್ತವರು ಕತ್ತಿಯನ್ನು ಮಾತ್ರವೇ ಹಿಡಿದವರಲ್ಲ. ಕೆಳದಿಯ ಬಸವಪ್ಪನಾಯಕನು ೧೭೦೯ರಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಬೃಹತ್ತಾದ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು, ಅದರಲ್ಲಿ ರಾಜನೀತಿಯಿಂದ ಹಿಡಿದು ಪಾಕಶಾಸ್ತ್ರದವರೆಗೆ ಹೇಳದ ವಿಷಯವಿಲ್ಲ. ತಂಜಾವೂರಿನ ರಘುನಾಥನಾಯಕನು ಸ್ವತಃ ಕವಿ, ವೀಣಾವಾದನದಲ್ಲಿ ನಿಪುಣ. ನಮ್ಮ ಕಾಲಕ್ಕೆ ಬಂದರೆ, ಬೇಕಲದ ರಾಮನಾಯಕರು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಲೇ ಆ ಸೀಮೆಯ ಕೋಟೆಕೊತ್ತಲಗಳ ಕಥೆಗಳನ್ನು ಮುದುಕರ ಬಾಯಿಂದ ಸಂಗ್ರಹಿಸಿ ‘ತೆಂಕನಾಡ ಐತಿಹ್ಯಗಳು’ ಎಂಬ ಗ್ರಂಥವನ್ನು ಕೊಟ್ಟರು. ತೀರ್ಥಹಳ್ಳಿಯ ಕಡೆಯ ಹಾರೋಗದ್ದೆಯಲ್ಲಿ ೧೯೩೧ರಲ್ಲಿ ಹುಟ್ಟಿದ ಹಾ. ಮಾ. ನಾಯಕರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಕನ್ನಡದ ಗ್ರಾಂಥಿಕ ಮತ್ತು ಆಡುನುಡಿಗಳನ್ನು ಕುರಿತು ಸಂಶೋಧನೆ ನಡೆಸಿ ಬಂದರು; ಜಾನಪದಕ್ಕೆ ವಿದ್ವತ್ತಿನ ಮನ್ನಣೆಯನ್ನು ದೊರಕಿಸಿದರು; ೧೯೮೯ರಲ್ಲಿ ‘ಸಂಪ್ರತಿ’ಗಾಗಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆದರು. ಅಂಕೋಲೆಯ ಸೂರ್ವೆಯಲ್ಲಿ ೧೯೩೫ರಲ್ಲಿ ಹುಟ್ಟಿದ ಜಿ. ಎಚ್. ನಾಯಕರು ಅದೇ ಮೈಸೂರಿನಲ್ಲಿ ಅಧ್ಯಾಪಕರಾಗಿದ್ದು, ನಿಷ್ಠುರವಾದ ವಿಮರ್ಶೆಗೆ ಹೆಸರಾಗಿ, ೨೦೧೪ರಲ್ಲಿ ‘ಉತ್ತರಾರ್ಧ’ಕ್ಕೆ ಅದೇ ಪುರಸ್ಕಾರವನ್ನು ಪಡೆದರು. ಒಬ್ಬರು ಮಲೆಯಿಂದ ಬಂದವರು, ಇನ್ನೊಬ್ಬರು ಕಡಲ ತಡಿಯಿಂದ ಬಂದವರು. ಹೆಸರು ಒಂದೇ, ಇಬ್ಬರನ್ನೂ ಕೂಡಿಸಿದುದು ರಕ್ತವಲ್ಲ, ಕನ್ನಡದ ಕೆಲಸ.

ಇನ್ನು ದುರ್ಗದ ನಾಯಕರ ಇತಿಹಾಸವನ್ನು ಬೆಳಕಿಗೆ ತಂದವರನ್ನು ನೋಡೋಣ. ಬಿ. ಎಲ್. ರೈಸ್ ಸಾಹೇಬರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೊಂದನೆಯ ಸಂಪುಟದಲ್ಲಿ ಈ ಜಿಲ್ಲೆಯ ಶಾಸನಗಳನ್ನು ಅಚ್ಚು ಮಾಡಿಸಿದರು. ಎಂ. ಎಸ್. ಪುಟ್ಟಣ್ಣನವರು ಚಿತ್ರದುರ್ಗದ ಪಾಳೆಯಗಾರರನ್ನು ಕುರಿತು ಗ್ರಂಥ ಬರೆದರು. ಹುಲ್ಲೂರು ಶ್ರೀನಿವಾಸ ಜೋಯಿಸರು ಮನೆಮನೆಗಳ ಅಟ್ಟದಲ್ಲಿದ್ದ ಕಡತ, ಓಲೆ, ಬಖೈರುಗಳನ್ನು ಹುಡುಕಿ ಉಳಿಸಿದರು. ತಳುಕಿನ ಮನೆತನದ ತ. ರಾ. ಸುಬ್ಬರಾಯರು ಆ ಸಾಮಗ್ರಿಗೆ ಜೀವ ತುಂಬಿ ಕಾದಂಬರಿಗಳನ್ನು ರಚಿಸಿದರು. ಅವರ ‘ದುರ್ಗಾಸ್ತಮಾನ’ಕ್ಕೆ ೧೯೮೫ರಲ್ಲಿ, ಅವರು ತೀರಿಕೊಂಡ ಮರುವರ್ಷ, ಅಕಾಡೆಮಿಯ ಪುರಸ್ಕಾರವು ಸಂದಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ನಾಲ್ವರಲ್ಲಿ ಒಬ್ಬರ ಉಪನಾಮವೂ ನಾಯಕವಲ್ಲ. ಒಂದು ಮನೆತನದ ನೆನಪನ್ನು ಕಾಯಲು ಆ ಮನೆತನದಲ್ಲಿಯೇ ಹುಟ್ಟಬೇಕೆಂಬ ನಿಯಮವಿಲ್ಲ; ಆದರವಿದ್ದರೆ ಸಾಕು.

ಇದೆಲ್ಲವೂ ಪಂಡಿತರ ಕಾಲಕ್ಷೇಪವೆಂದು ಯಾರಾದರೂ ಎಣಿಸಿದರೆ ಅವರು ಪಾಠಶಾಲೆಯ ದಾಖಲೆಯ ಪುಸ್ತಕವನ್ನೊಮ್ಮೆ ತೆರೆದು ನೋಡಬೇಕು. ಉಪಾಧ್ಯಾಯವೃತ್ತಿಯಲ್ಲಿ ಕಾಲವನ್ನು ಕಳೆದ ನನಗೆ ಅದರ ತೂಕವು ಗೊತ್ತು. ಒಂದೇ ತರಗತಿಯಲ್ಲಿ ಮೂವರು ನಾಯಕರು ಕುಳಿತಿರಬಹುದು. ಒಬ್ಬನು ವಾಲ್ಮೀಕಿ ನಾಯಕರ ಹುಡುಗ. ಆ ಜನಾಂಗದ ಬೇಡ, ನಾಯಕ, ವಾಲ್ಮೀಕಿ ಮೊದಲಾದ ಹೆಸರುಗಳು ೧೯೯೧ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದುವು. ಇನ್ನೊಬ್ಬನು ತಾಂಡಾದ ಹುಡುಗ. ಲಂಬಾಣಿಗರು ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವರು. ಮೂರನೆಯವನು ವರ್ಗವಾಗಿ ಬಂದ ಕರಾವಳಿಯ ಗುಮಾಸ್ತರೊಬ್ಬರ ಮಗ. ಅವನು ಈ ಎರಡು ಪಟ್ಟಿಗಳಲ್ಲಿಯೂ ಇಲ್ಲ. ಹೆಸರಿನ ಬಾಲವನ್ನು ಮಾತ್ರ ನೋಡಿ, ತಂದೆತಾಯಿಗಳನ್ನು ವಿಚಾರಿಸದೆ, ಜಾತಿಯ ಅಂಕಣವನ್ನು ತುಂಬಿದರೆ ಗತಿಯೇನು? ನ್ಯಾಯವಾಗಿ ದೊರೆಯಬೇಕಾದ ವಿದ್ಯಾರ್ಥಿವೇತನವು ಒಬ್ಬನಿಗೆ ತಪ್ಪೀತು. ಸಲ್ಲದ ಸವಲತ್ತು ಇನ್ನೊಬ್ಬನಿಗೆ ಸಂದೀತು. ಅಕ್ಷರವರಿಯದ ತಂದೆಯು ಹೆಬ್ಬೆಟ್ಟೊತ್ತಿ ಹೋದ ಮೇಲೆ ಆ ಬರಹವನ್ನು ತಿದ್ದಿಸಲು ಮಗನು ಕಚೇರಿಯಿಂದ ಕಚೇರಿಗೆ ವರ್ಷಗಟ್ಟಲೆ ಅಲೆಯಬೇಕಾದೀತು. ಶಬ್ದದ ಅರ್ಥವನ್ನು ಸರಿಯಾಗಿ ತಿಳಿಯುವುದು ಒಂದು ಮಗುವಿನ ಅನ್ನದ ಪ್ರಶ್ನೆಯೂ ಆಗಬಲ್ಲುದು.

ಹಾಗಾದರೆ ತಮ್ಮ ಮನೆತನದ ಮೂಲವನ್ನು ತಿಳಿಯಬಯಸುವ ಗೃಹಸ್ಥರು ಏನು ಮಾಡಬೇಕು? ಉಪನಾಮವನ್ನು ದಾರದ ಒಂದು ತುದಿಯೆಂದು ಮಾತ್ರ ತಿಳಿಯಬೇಕು. ಆ ತುದಿಯನ್ನು ಹಿಡಿದು ಮನೆದೇವರು ಯಾವುದು, ಅದರ ಗುಡಿಯು ಯಾವ ಊರಿನಲ್ಲಿದೆ, ಬೆಡಗು ಯಾವುದು, ಮನೆಯೊಳಗೆ ಮುದುಕಿಯರು ಆಡುವ ನುಡಿ ಯಾವುದು ಎಂದು ವಿಚಾರಿಸಬೇಕು. ಹಳೆಯ ಪೆಟ್ಟಿಗೆಯಲ್ಲಿ ಇನಾಮು ಪತ್ರವಾಗಲಿ, ಕ್ರಯಚೀಟಿಯಾಗಲಿ ಇದ್ದರೆ ಅದರ ಪ್ರತಿ ಮಾಡಿಸಿಡಬೇಕು. ಊರ ಮುಂದಿನ ವೀರಗಲ್ಲಿನ ಮೇಲೆ ಅಕ್ಷರವಿದ್ದರೆ ಅದನ್ನು ಬಟ್ಟೆ ಒಗೆಯುವ ಕಲ್ಲಾಗಲು ಬಿಡಬಾರದು. ಮೊದಲ ಕೆಲಸವೆಂದರೆ, ಮನೆಯ ಹಿರಿಯಳು ಹೇಳುವ ಮಾತನ್ನು ಅವಳು ಇರುವಾಗಲೇ, ಕೇಳಿದ ದಿನಾಂಕದೊಡನೆ ಬರೆದಿಟ್ಟುಕೊಳ್ಳುವುದು. ಕಲ್ಲು ಕಾಯ್ದೀತು, ಅಜ್ಜಿಯು ಕಾಯಲಾರಳು. ಈ ಸಾಕ್ಷ್ಯಗಳೆಲ್ಲ ಒಂದೇ ದಿಕ್ಕನ್ನು ತೋರಿದರೆ ಆಗ ಸಂಬಂಧವನ್ನು ಹೇಳಬಹುದು. ತೋರದಿದ್ದರೆ ಇಲ್ಲದ ಅರಸನನ್ನು ವಂಶವೃಕ್ಷಕ್ಕೆ ಕಟ್ಟುವ ಅಗತ್ಯವಿಲ್ಲ. ದುಡಿದು ಉಂಡ ರೈತನ ವಂಶವು ಅರಸನ ವಂಶಕ್ಕಿಂತ ಕಡಿಮೆಯಾದುದಲ್ಲ.

ನಾಯಕ ಎಂಬುದು ನಡೆಸುವವನ ಹೆಸರು. ಬರ ಬಂದಾಗ ಕೆರೆಯ ಏರಿಗೆ ಮೊದಲು ಮಣ್ಣು ಹಾಕುವವನು, ನೆರೆಮನೆಯ ಅನಾಥ ಬಾಲಕನನ್ನು ಕೈಹಿಡಿದು ಶಾಲೆಗೆ ಕರೆತರುವವಳು, ಇಂಥವರ ಹೆಸರಿನ ಕೊನೆಗೆ ಯಾವ ಶಬ್ದವಿದ್ದರೂ ಧಾತ್ವರ್ಥವು ಅವರಲ್ಲಿಯೇ ಸಾರ್ಥಕವಾಗಿದೆ. ಉಪನಾಮವು ತಂದೆಯಿಂದ ಪುಕ್ಕಟೆಯಾಗಿ ಬರುತ್ತದೆ. ಅದರ ಅರ್ಥವನ್ನು ಮಾತ್ರ ಪ್ರತಿಯೊಬ್ಬರೂ ತಮ್ಮ ತಮ್ಮ ಬಾಳಿನಲ್ಲಿ ಸಂಪಾದಿಸಿಕೊಳ್ಳಬೇಕು.