ಅಂಗಳದ ಅಡಿಕೆಗೆ ಅವಸರವಿಲ್ಲ

ಇಂದಿನ ಮನುಷ್ಯನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತೊಂದಿದೆ: ಪುರುಸೊತ್ತಿಲ್ಲ. ಪೂಜೆಗೆ ಪುರುಸೊತ್ತಿಲ್ಲ, ಊಟಕ್ಕೆ ಪುರುಸೊತ್ತಿಲ್ಲ, ಹೆತ್ತವರ ಬಳಿ ಕುಳಿತು ನಾಲ್ಕು ಮಾತನಾಡಲು ಪುರುಸೊತ್ತಿಲ್ಲ. ಪೇಟೆಯವರು ಹೀಗೆಂದರೆ ಅರ್ಥವಾದೀತು. ಈಗ ಪುತ್ತೂರು, ಸುಳ್ಯ, ಕಡಬ ಸೀಮೆಯ ತೋಟದ ಮನೆಗಳಲ್ಲಿಯೂ ಇದೇ ಮಾತು ಕೇಳಿಬರುತ್ತಿದೆ. ನಿಧಾನದ ಬೆಲೆ ಏನೆಂಬುದನ್ನು ಈ ಸೀಮೆಯ ಕೃಷಿಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬುದೇ ಇದರಲ್ಲಿನ ಸೋಜಿಗ.

ಘಟ್ಟದ ಮೇಲೆ ತೀರ್ಥಹಳ್ಳಿ, ಸಾಗರ ಕಡೆಯಲ್ಲಿ ಎಳೆ ಅಡಿಕೆಯನ್ನು ಸುಲಿದು, ಬೇಯಿಸಿ, ಕೆಂಪಡಿಕೆ ಮಾಡುತ್ತಾರೆ. ಇಲ್ಲಿಯ ರೂಢಿ ಬೇರೆ. ಹಣ್ಣಡಿಕೆಯನ್ನು ಸಿಪ್ಪೆಸಹಿತ ಅಂಗಳದಲ್ಲಿ ಹರಡಿ, ಹೆಚ್ಚುಕಡಿಮೆ 40ರಿಂದ 45 ದಿನ ಬಿಸಿಲಿಗೆ ಬಿಡುತ್ತಾರೆ. ಆಗ ಅದು ಚಾಲಿಯಾಗುತ್ತದೆ. ನಡುವೆ ಮಗುಚಬೇಕು, ಮೋಡ ಕಂಡರೆ ಓಡಿಹೋಗಿ ಮುಚ್ಚಬೇಕು. ಇಷ್ಟು ದುಡಿದರೂ ಬಿಸಿಲು ತನ್ನ ಕೆಲಸವನ್ನು ತನ್ನ ಗತಿಯಲ್ಲಿಯೇ ಮಾಡುತ್ತದೆ. ಹೊರಗಿನ ಸಿಪ್ಪೆ ಗರಿಗರಿಯಾಯಿತೆಂದು ತಿಂಗಳೊಳಗೇ ಸುಲಿದು ಗೋಣಿ ತುಂಬಿದವನ ಅಡಿಕೆಯ ಗರ್ಭದಲ್ಲಿ ಹಸಿ ಉಳಿದಿರುತ್ತದೆ; ಮಳೆಗಾಲ ಬರುವಾಗ ಬೂಷ್ಟು ಹಿಡಿಯುತ್ತದೆ. ಸರಿಯಾಗಿ ಒಣಗಿ, ಒಂದೆರಡು ವರ್ಷ ಕಾದ ಅಡಿಕೆಗೆ ಪತ್ರಿಕೆಯ ಧಾರಣೆ ಪಟ್ಟಿಯಲ್ಲಿ ಸಿಂಗಲ್ ಚೋಲು, ಡಬಲ್ ಚೋಲು ಎಂಬ ಪ್ರತ್ಯೇಕ ಸ್ಥಾನವಿದೆ. ಸಾಮಾನ್ಯವಾಗಿ ಹೊಸ ಅಡಿಕೆಗಿಂತ ಅದರ ಬೆಲೆಯೇ ಮೇಲು. ಕಾಯುವುದಕ್ಕೆ ಮಾರುಕಟ್ಟೆಯೂ ಬೆಲೆ ಕಟ್ಟುತ್ತದೆಯೆಂದ ಮೇಲೆ ಭಗವಂತನು ಕಟ್ಟದಿರುತ್ತಾನೆಯೆ?

ಅಡಿಕೆಗೆ 45 ದಿನ ಕೊಡುವ ಮನುಷ್ಯ ತನ್ನ ಮನಸ್ಸಿಗೆ ಕಾಲು ಗಂಟೆ ಕೊಡಲಾರ. ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿಟ್ಟುಕೊಂಡು ದೃಷ್ಟಿಯನ್ನು ಅದರಲ್ಲಿ ನೆಲೆಗೊಳಿಸುವುದು ಲಿಂಗಪೂಜೆಯ ಮುಖ್ಯ ಅಂಗ. ದೃಷ್ಟಿ ನಿಂತರೆ ಉಸಿರು ನಿಧಾನವಾಗುತ್ತದೆ, ಉಸಿರು ನಿಧಾನವಾದರೆ ಮನಸ್ಸು ಇಳಿಯುತ್ತದೆ. ಈಗ ನಡೆಯುತ್ತಿರುವುದೇನು? ಲಿಂಗವು ಅಂಗೈಯಲ್ಲಿ, ಕಣ್ಣು ಗಡಿಯಾರದಲ್ಲಿ. ಹಣೆಯ ಮೇಲಿನ ವಿಭೂತಿ ಚೆನ್ನಾಗಿಯೇ ಒಣಗಿರುತ್ತದೆ, ಒಳಗೆ ಮಾತ್ರ ಹಸಿ.

ಹಿಂದೆ ಆಟಿ ತಿಂಗಳೇ ಜನರನ್ನು ಕೂರಿಸುತ್ತಿತ್ತು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಬಿಡದ ಮಳೆ. ನೇಜಿ ನೆಟ್ಟಾಗಿದೆ, ಶುಭಕಾರ್ಯಗಳಿಲ್ಲ, ಹೊಳೆ ತುಂಬಿದರೆ ಆಚೆಗೆ ದಾರಿಯಿಲ್ಲ. ಮನೆಯ ಚಾವಡಿಯಲ್ಲಿ ಚೆನ್ನೆಮಣೆ, ತಾಳಮದ್ದಳೆ. ಅದನ್ನೆಲ್ಲ ಸುವರ್ಣಯುಗವೆಂದು ಹೊಗಳಲು ನಾವು ಸಿದ್ಧರಿಲ್ಲ. ಪತ್ತಾಯ ಬರಿದಾಗಿ, ಹಲಸಿನ ಬೀಜ, ಕೆಸುವಿನ ಎಲೆ, ತಗತೆ ಸೊಪ್ಪಿನಲ್ಲಿ ದಿನ ದೂಡಿದ ಬಡವರನ್ನು ಹಿರಿಯರು ಮರೆತಿರಲಾರರು. ಹಸಿವಿನಿಂದ ಕುಳಿತದ್ದು ವಿಶ್ರಾಂತಿಯಲ್ಲ. ಆದರೆ ಹೊಟ್ಟೆ ತುಂಬಿದ ಈ ಕಾಲದಲ್ಲಿ ನಾವು ಕಳೆದುಕೊಂಡದ್ದು ಹಸಿವನ್ನು ಮಾತ್ರವಲ್ಲ, ಆ ಚಾವಡಿಯನ್ನೂ ಹೌದು. ಈಗ ಸಭಾಭವನಗಳಲ್ಲಿ ‘ಆಟಿಡೊಂಜಿ ದಿನ’ ನಡೆಯುತ್ತದೆ. ಒಂದು ತಿಂಗಳ ಆಟಿಯನ್ನು ಒಂದು ಆದಿತ್ಯವಾರದೊಳಗೆ ಮುಗಿಸಿ, ಪತ್ರೊಡೆ ತಿಂದು, ಫೋಟೋ ತೆಗೆದು, ಮೂರು ಗಂಟೆಗೆಲ್ಲ ಮನೆಗೆ! ನಡೆಯಲಿ, ತಪ್ಪೇನಿಲ್ಲ, ನಗು ಮಾತ್ರ ಬರುತ್ತದೆ.

ತೀರ್ಥಯಾತ್ರೆಯೂ ಹೀಗೆಯೇ ಆಗಿದೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟವರಿಗೆ ಬೆಳಿಗ್ಗೆ ಧರ್ಮಸ್ಥಳ, ಮಧ್ಯಾಹ್ನ ಸುಬ್ರಹ್ಮಣ್ಯ, ಸಂಜೆಗೆ ಇನ್ನೊಂದು ಕ್ಷೇತ್ರ. ಕುಮಾರಧಾರೆಯಲ್ಲಿ ಮಿಂದು ದೇವರ ಬಳಿಗೆ ಹೋಗುವುದು ಸಂಪ್ರದಾಯ. ಸ್ನಾನಘಟ್ಟದ ಮೆಟ್ಟಿಲಲ್ಲಿ ನಿಂತು ಕಾಲು ತೋಯಿಸಿ ಓಡುವವರೇ ಹೆಚ್ಚು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಸುಮಾರು 55 ಕಿಲೋಮೀಟರ್, 57 ಸುರಂಗ. ಅಷ್ಟು ದೊಡ್ಡ ರೈಲುಗಾಡಿಯೂ ಅಲ್ಲಿ ಮೆಲ್ಲಗೆ ಇಳಿಯುತ್ತದೆ. ಇಳಿದ ಯಾತ್ರಿಕನು ಮಾತ್ರ ನಿಲ್ದಾಣದಿಂದಲೇ ಓಡಲು ತೊಡಗುತ್ತಾನೆ.

ನಿಧಾನವೆಂದರೆ ಸೋಮಾರಿತನವೆಂದು ಯಾರೂ ಭಾವಿಸಬಾರದು. ಕಾಯಕವನ್ನು ಪೂಜೆಯೆಂದ ಶರಣರು ಸೋಮಾರಿಗಳಾಗಿರಲಿಲ್ಲ. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ಆಸೆಗೆ ಹೋಲಿಸಿ ಹೇಳುವುದು ವಾಡಿಕೆ. ನಮಗೆ ಇದರಲ್ಲಿ ಅವಸರದ ಬೇರೂ ಕಾಣುತ್ತದೆ. ನಾಳೆಯ ಅಕ್ಕಿಯನ್ನು ಇಂದೇ ಆಯಲು ಹೊರಟವನಿಗೆ ಪುರುಸೊತ್ತು ಎಲ್ಲಿಂದ ಬರಬೇಕು? ಕೆಲಸ ಹೆಚ್ಚಾದುದರಿಂದ ಹೊತ್ತು ಸಾಲದಾಗುವುದು ಅಪರೂಪ. ಸಾಕೆನ್ನಲು ಬಾರದೆ ಸಾಲದಾಗುವುದೇ ಬಹಳ.

ಸುಳ್ಯದ ಕಡೆಯ ವೃದ್ಧ ತಾಯಿಯೊಬ್ಬರು ನಮ್ಮಲ್ಲಿ ನೊಂದು ಹೇಳಿಕೊಂಡರು: “ಮಗ ತಿಂಗಳಿಗೊಮ್ಮೆ ಬರುತ್ತಾನೆ ಸ್ವಾಮೀಜಿ. ಶನಿವಾರ ಬೆಳಿಗ್ಗೆ ಬಂದರೆ ಆದಿತ್ಯವಾರ ರಾತ್ರಿ ಬಸ್ಸು. ಇದ್ದಷ್ಟು ಹೊತ್ತೂ ಕೈಯಲ್ಲಿ ಮೊಬೈಲು. ತಾವಾದರೂ ಬುದ್ಧಿ ಹೇಳಬೇಕು.” ಬುದ್ಧಿ ಹೇಳುವುದಕ್ಕಿಂತ ಅವನ ಮುಂದೆ ಒಂದು ಬುಟ್ಟಿ ಚಾಲಿ ಇಟ್ಟು, ಸುಲಿಯೋಣ ಬಾ ಎಂದು ಪಕ್ಕದಲ್ಲಿ ಕುಳಿತುಕೊಳ್ಳಿರೆಂದು ಹೇಳಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, “ಹೌದು, ಎರಡೂ ಕೈ ಬೇಕಾಗುತ್ತದೆ ಅದಕ್ಕೆ” ಎಂದರು.